ಕೋಡಿ ಕೆಲಸದ ದಿನಚರಿ: ನಾಲ್ಕು ತಿಂಗಳು ಕಳೆಯಿತು

ಕೋಲಾರದ ಹತ್ತಿರ ಒಂದೇ ಹಳ್ಳಕ್ಕೆ ಎರಡು ಕೆರೆ. ಮೇಲಿನೂರಿನ ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ಕೆಳಗಿನೂರಿನ ಕೆರೆಗೆ ನೀರು. 2018ರಿಂದ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಬರುತ್ತಿದೆ. ಈ ಹಳ್ಳಕ್ಕೆ ಅದೂ ಇಲ್ಲ, ಮಳೆಯೇ ಗತಿ. ಎರಡು ವರ್ಷದ ಹಿಂದೆ ಮೇಲಿನವರು ಕೋಡಿ ಕಲ್ಲಿನ ಮೇಲೆ ಮರಳು ಮೂಟೆ ಪೇರಿಸಿದರು. ಕೆಳಗಿನ ಹುಡುಗರು ರಾತ್ರೋರಾತ್ರಿ ಹೋಗಿ ಕಿತ್ತರು. ಹೊಡೆದಾಟವಾಯಿತು, ಕೇಸೂ ಆಯಿತು. ಆ ಎರಡೂ ಊರು ಮತ್ತೆ ಒಟ್ಟಿಗೆ ಕೆಲಸ ಮಾಡಬೇಕು ಅಂತ ನಾವು ನಾಲ್ಕು ಜನ ಸ್ನೇಹಿತರು ನಮ್ಮ ಭಾನುವಾರಗಳನ್ನು ಇದಕ್ಕೇ ಇಟ್ಟಿದ್ದೇವೆ.

ಮಾರ್ಚ್

ಶುರುವಿನಲ್ಲೇ ತಪ್ಪು ಮಾಡಿದೆ. 'ಶಾಂತಿ ಸಭೆ' ಅಂತ ಹೆಸರಿಟ್ಟು, ಮೇಲಿನೂರಿನ ದೇವಸ್ಥಾನದ ಜಗುಲಿಗೆ ಎಲ್ಲರನ್ನೂ ಕರೆದೆ. ಕೆಳಗಿನೂರಿನ ದಲಿತ ಕಾಲೋನಿಯಿಂದ ಒಬ್ಬರೂ ಬರಲಿಲ್ಲ. ಮಾರನೇ ದಿನ ಅಲ್ಲಿಗೆ ಹೋದೆ. ಮೊದಲು ನೀರುಗಂಟಿಯಾಗಿ ಕೆರೆ ನೀರು ಹಂಚುತ್ತಿದ್ದ ತಾತ ಕೇಳಿದರು: "ಶಾಂತಿ ಅಂದ್ರೆ ನಮ್ಮನ್ನ ಸುಮ್ನಿರಿ ಅನ್ನೋದೇ ಅಲ್ವಾ ಸಾರ್?" ಆಮೇಲೆ ಕಂಬಾಲಪಲ್ಲಿಯ ಹೆಸರು ತೆಗೆದರು. 2000ರ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದೂ ಕೋಲಾರ ಜಿಲ್ಲೆಯೇ. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇದನ್ನೆಲ್ಲ ಕಂಡವರು ನನ್ನ ಒಂದು ಮಾತಿಗೆ ಎದ್ದು ಬರಬೇಕು ಅಂದುಕೊಂಡಿದ್ದೆನಲ್ಲ!

ಏಪ್ರಿಲ್

ಹೆಸರು ಬದಲಾಯಿಸಿದೆವು. ಈಗ ಇದು ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಎತ್ತುವ ಕೆಲಸ, ಅಷ್ಟೇ. ಸಭೆ ಏರಿಯ ಪಕ್ಕದ ಹುಣಸೆ ಮರದ ಕೆಳಗೆ. ಅದು ಯಾರ ಬಾಗಿಲೂ ಅಲ್ಲ. ಕಾಲೋನಿಯ ಆರು ಹುಡುಗರು ಬಂದರು. ಎರಡೂ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರೂ ಬಂದರು. ಪಂಚಾಯಿತಿ ಅನುಮತಿ ಬೇಗ ಸಿಕ್ಕಿತು.

ಮೇ

ಈ ತಿಂಗಳದ್ದು ಸ್ವಲ್ಪ ಜಾಸ್ತಿ ಬರೆಯಬೇಕು.

ಗೋಡು ಎಂದರೆ ಹೊಲಕ್ಕೆ ಬಂಗಾರ. ಯಾರಿಗೆ ಎಷ್ಟು ಲೋಡು ಹೋಯಿತು ಅನ್ನುವುದೇ ಜಗಳಕ್ಕೆ ದಾರಿ. ಅದಕ್ಕೆ ಎರಡು ನೋಟ್‌ಬುಕ್ ಇಟ್ಟೆವು, ಊರಿಗೊಂದು. ಭಾನುವಾರ ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವುದು. ಎರಡು ವಾರ ಸರಿಹೋಯಿತು. ಮೂರನೇ ವಾರ ಏಳು ಲೋಡು ವ್ಯತ್ಯಾಸ ಬಂತು. "ಗೋಡು ಕದ್ದಿದ್ದಾರೆ" ಅನ್ನುವ ಮಾತು ಎದ್ದೇಬಿಟ್ಟಿತು.

ಆ ಏಳು ಲೋಡಿಗೆ ಕಾರಣ ನಾನು. ಬುಧವಾರ ಮೇಲಿನೂರಿನ ರೈತರೊಬ್ಬರು ಫೋನ್ ಮಾಡಿ ಕೇಳಿದ್ದರು. "ತಗೊಂಡು ಹೋಗಿ" ಅಂದಿದ್ದೆ. ಕೆಳಗಿನವರಿಗೆ ಹೇಳಿರಲಿಲ್ಲ. ಎದ್ದು ನಿಂತು ಹಾಗೇ ಹೇಳಿದೆ, ಕ್ಷಮೆ ಕೇಳಿದೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ರೈತರೇ ತಮ್ಮ ಟ್ರ್ಯಾಕ್ಟರ್‌ನಲ್ಲಿ ಏಳು ಲೋಡು ಕೆಳಗಿನೂರಿಗೆ ಹೊಡೆಸಿಕೊಡುತ್ತೇನೆ ಅಂದರು, ಹೊಡೆಸಿಯೂ ಕೊಟ್ಟರು. ಹೊರಡುವಾಗ ಕಾಲೋನಿಯ ಹುಡುಗನೊಬ್ಬ ಹತ್ತಿರ ಬಂದ. "ನೀವು ಹೇಳದೆ ಇದ್ದಿದ್ರೆ ಆ ಅಣ್ಣನನ್ನೇ ಕಳ್ಳ ಅಂತಿದ್ವಿ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ನಾವು ನಾಲ್ವರೂ ಯಾರಿಗೂ ಅನುಮತಿ ಕೊಡುವುದಿಲ್ಲ. ನೋಟ್‌ಬುಕ್ ಹಿಡಿದ ಇಬ್ಬರೂ ಎದುರಿಗಿದ್ದರೆ ಮಾತ್ರ ಟ್ರ್ಯಾಕ್ಟರ್ ಕೆರೆಗೆ ಇಳಿಯುತ್ತದೆ.

ಜೂನ್

ಕೋಡಿ ಮಾತು ಕೊನೆಗೂ ಬಂತು. ತೆಗೆದವರು ಮೇಲಿನೂರಿನ ಹಿರಿಯರು, ಅದೂ ನಮ್ಮ ಜಿಲ್ಲೆ ದಾಟಿ ತಮಿಳುನಾಡಿನ ಕಡೆ ಹರಿಯುವ ಪಾಲಾರ್ ನದಿಯ ನೆಪದಲ್ಲಿ. ಮೈಸೂರು ಮತ್ತು ಮದ್ರಾಸ್ ನಡುವಿನ 1892ರ ಒಪ್ಪಂದದಲ್ಲಿ ಪಾಲಾರ್ ಕೂಡ ಇದೆ. ಮೇಲಿರುವ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮೊದಲು ಮದ್ರಾಸಿಗೆ ಪೂರ್ತಿ ವಿವರ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. "ಅದರಿಂದ ನಮ್ಮ ಸೀಮೆಯ ಕೈ ಕಟ್ಟಿಹೋಯ್ತು" ಅಂತ ಅವರು ನೊಂದುಕೊಂಡರು. ಕೆಳಗಿನೂರಿನ ಸಂಘದ ಅಕ್ಕ ಕೇಳಿದರು: "ಕೈ ಕಟ್ಟೋದು ಬೇಡ ಯಜಮಾನ್ರೇ. ಮಾಡೋಕೆ ಮುಂಚೆ ಒಂದು ಮಾತು ಹೇಳೋದು ಸರಿ ತಾನೇ?" ಹಿರಿಯರು ತಲೆ ಆಡಿಸಿದರು.

ಅಷ್ಟರಿಂದಲೇ ಒಪ್ಪಂದ ಹುಟ್ಟಿತು. ಕೋಡಿ ಮುಟ್ಟುವ ಯಾವ ಕೆಲಸವಿದ್ದರೂ ಎಂಟು ದಿನ ಮೊದಲು ಎರಡೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನೀರು ಎಲ್ಲಿಯವರೆಗೆ ನಿಲ್ಲಬೇಕು ಅನ್ನುವ ಗುರುತನ್ನು ತಾತನೇ ತೋರಿಸಿದರು. ತೂಬಿನ ಕಲ್ಲಿನ ಮೇಲೆ ಹಳೆಯ ಉಳಿಗೆರೆ ಇದೆ, ಪಾಚಿ ಕೆರೆದಾಗ ಕಂಡಿತು. ಅದಕ್ಕೆ ಕೆಂಪು ಬಣ್ಣ ಹಚ್ಚಿದೆವು.

ಮುಂದಿನ ಭಾನುವಾರ ಕೋಡಿ ಕಾಲುವೆಯ ಜಾಲಿ ಕಡಿಯುವುದು. ಮಚ್ಚು, ಗುದ್ದಲಿ ಕೆಳಗಿನೂರಿನದು. ಮುದ್ದೆ, ಸಾರು ಮೇಲಿನೂರಿನದು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರಾ ಅನ್ನುವುದನ್ನು ಇನ್ನೂ ಯಾರೂ ಬಾಯಿಬಿಟ್ಟು ಮಾತಾಡಿಲ್ಲ. ಗುರುವಾರ ಮೇಲಿನೂರಿಗೆ ಹೋಗಿ ನಾನೇ ಕೇಳುತ್ತೇನೆ. ಏನು ಹೇಳಿದರು ಅನ್ನುವುದನ್ನು ಅವತ್ತೇ ಸಂಜೆ ಕಾಲೋನಿಗೆ ಹೋಗಿ ತಿಳಿಸುತ್ತೇನೆ.