ಸ್ಪ್ಯಾನಿಷ್‌ನ ಲಿಂಗ, ವಚನ ಮತ್ತು ಅಂತ್ಯಪ್ರಾಸದ ಭ್ರಮೆ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರಿಗೆ ಆ ಭಾಷೆ ಮೊದಮೊದಲು ಹಿತವೆನಿಸುವುದಕ್ಕೆ ಅದರ ಅಂತ್ಯಪ್ರಾಸವೂ ಒಂದು ಕಾರಣ. 'ಲೋಸ್ ಲಿಬ್ರೋಸ್ ರೋಹೋಸ್' ಎಂದರೆ ಕೆಂಪು ಪುಸ್ತಕಗಳು, 'ಲಾಸ್ ಕಾಸಾಸ್ ಬ್ಲಾಂಕಾಸ್' ಎಂದರೆ ಬಿಳಿ ಮನೆಗಳು. ಆರ್ಟಿಕಲ್, ನಾಮಪದ, ವಿಶೇಷಣ ಮೂರೂ ಒಂದೇ ಧ್ವನಿಯಲ್ಲಿ ಮುಗಿಯುವುದನ್ನು ಕೇಳಿದಾಗ, ಲಿಂಗ-ವಚನಗಳ ಹೊಂದಾಣಿಕೆಯೆಂದರೆ ಪ್ರಾಸ ಕೂಡಿಸುವುದಷ್ಟೇ ಎಂಬ ಧೈರ್ಯ ಬರುತ್ತದೆ. 'ಓ' ಬಂದರೆ ಪುಲ್ಲಿಂಗ, 'ಆ' ಬಂದರೆ ಸ್ತ್ರೀಲಿಂಗ ಎಂದು ಮೊದಲ ಪಾಠದಲ್ಲೇ ಹೇಳಿಕೊಡುವ ಸೂತ್ರ ಈ ಧೈರ್ಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನನ್ನ ಮಟ್ಟಿಗೆ ಆ ಸೂತ್ರದಿಂದ ಆಗುವ ಉಪಕಾರಕ್ಕಿಂತ ಕೆಡುಕೇ ಹೆಚ್ಚು, ಏಕೆಂದರೆ ಇಲ್ಲಿ ವಿಶೇಷಣವು ಅನುಸರಿಸುವುದು ನಾಮಪದದ ಲಿಂಗವನ್ನೇ ಹೊರತು ಅದರ ಕೊನೆಯ ಧ್ವನಿಯನ್ನಲ್ಲ.

ಕೈ ಎಂಬ ಅರ್ಥದ 'ಮಾನೋ' ಪದ 'ಓ'ಕಾರದಲ್ಲಿ ಮುಗಿದರೂ ಸ್ತ್ರೀಲಿಂಗ. ಅದರ ಲ್ಯಾಟಿನ್ ಮೂಲವೂ ಸ್ತ್ರೀಲಿಂಗವೇ ಆಗಿದ್ದುದರಿಂದ 'ಲಾ ಮಾನೋ ಫ್ರೀಆ', ತಣ್ಣನೆಯ ಕೈ, ಎನ್ನಬೇಕು. ಇನ್ನೊಂದೆಡೆ ಗ್ರೀಕ್‌ನಿಂದ ಬಂದ 'ಪ್ರೊಬ್ಲೆಮಾ' (ಸಮಸ್ಯೆ), 'ಸಿಸ್ತೆಮಾ' (ವ್ಯವಸ್ಥೆ), 'ಇದಿಯೋಮಾ' (ಭಾಷೆ) ಮೊದಲಾದ 'ಮಾ'ಕಾರಾಂತ ಪದಗಳು ಗ್ರೀಕ್‌ನಲ್ಲಿ ನಪುಂಸಕಲಿಂಗದವು. ಸ್ಪ್ಯಾನಿಷ್ ನಾಮಪದಗಳಲ್ಲಿ ನಪುಂಸಕಲಿಂಗ ಉಳಿಯದ ಕಾರಣ ಅವು ಪುಲ್ಲಿಂಗದ ಪಾಲಾದವು. ಹೀಗಾಗಿ ಗಂಭೀರ ಸಮಸ್ಯೆ 'ಎಲ್ ಪ್ರೊಬ್ಲೆಮಾ ಸೇರಿಯೋ' ಆಗುತ್ತದೆ. 'ಗ್ರಾಂದೆ' (ದೊಡ್ಡ), 'ಅಸುಲ್' (ನೀಲಿ) ಮುಂತಾದ ವಿಶೇಷಣಗಳಂತೂ ಲಿಂಗಕ್ಕೆ ಬದಲಾಗುವುದೇ ಇಲ್ಲ. ವಚನಕ್ಕೆ ಮಾತ್ರ 'ಗ್ರಾಂದೆಸ್', 'ಅಸುಲೆಸ್' ಎಂದಾಗುತ್ತವೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ನೀರಿನ ಕಥೆ. ನೀರು ಎಂಬ ಅರ್ಥದ 'ಆಗ್ವಾ' ಅಪ್ಪಟ ಸ್ತ್ರೀಲಿಂಗ ಪದ, ಆದರೆ ಅದರ ಹಿಂದೆ ಬರುವುದು 'ಲಾ' ಅಲ್ಲ, 'ಎಲ್'. 'ಎಲ್ ಆಗ್ವಾ ಫ್ರೀಆ' ಎಂಬಲ್ಲಿ ಆರ್ಟಿಕಲ್ ಪುಲ್ಲಿಂಗದಂತೆ ಕಂಡರೂ ವಿಶೇಷಣ ಸ್ತ್ರೀಲಿಂಗದಲ್ಲೇ ನಿಂತಿದೆ. ಲ್ಯಾಟಿನ್‌ನ ಸ್ತ್ರೀಲಿಂಗ ಸರ್ವನಾಮ 'ಇಲ್ಲಾ' ಹಳೆಯ ಸ್ಪ್ಯಾನಿಷ್‌ನಲ್ಲಿ 'ಎಲಾ' ಆಗಿ, ಸ್ವರದಿಂದ ಆರಂಭವಾಗುವ ಪದದ ಹಿಂದೆ ಬಂದಾಗ ತನ್ನ ಕೊನೆಯ 'ಆ'ಕಾರವನ್ನು ಕಳೆದುಕೊಂಡು 'ಎಲ್' ಎಂದು ಉಳಿಯಿತು; ಉಳಿದ ಕಡೆಗಳಲ್ಲಿ ಮೊದಲ ಸ್ವರ ಲೋಪವಾಗಿ 'ಲಾ' ಆಯಿತು. ಅಂದರೆ ಈ 'ಎಲ್' ಹುಟ್ಟಿನಿಂದ ಸ್ತ್ರೀಲಿಂಗದ್ದೇ. ನಮ್ಮ ಲೋಪಸಂಧಿ ಬಲ್ಲವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಇಂದು ಒತ್ತಿ ಉಚ್ಚರಿಸುವ 'ಆ'ಕಾರದಿಂದ ಆರಂಭವಾಗುವ ನಾಮಪದದ ಹಿಂದೆಯೇ ನಿಂತಾಗ ಮಾತ್ರ ಈ ರೂಪ ಬರುತ್ತದೆ. ಬಹುವಚನದಲ್ಲಿ 'ಲಾಸ್ ಆಗ್ವಾಸ್' ಎಂದೂ, ನಡುವೆ ಬೇರೊಂದು ಪದ ಬಂದರೆ 'ಲಾ ಮಿಸ್ಮಾ ಆಗ್ವಾ', ಅದೇ ನೀರು, ಎಂದೂ ಹೇಳಬೇಕು. 'ಈ ನೀರು' ಎನ್ನುವಾಗ 'ಎಸ್ತಾ ಆಗ್ವಾ' ಸರಿಯಾದ ರೂಪವಾದರೂ ಸ್ಪ್ಯಾನಿಷ್ ಮಾತೃಭಾಷೆಯವರೇ 'ಎಸ್ತೆ ಆಗ್ವಾ' ಎನ್ನುವುದನ್ನು ಕೇಳಬಹುದು.

ಕನ್ನಡದಲ್ಲಿ ಲಿಂಗವನ್ನು ನಿರ್ಧರಿಸುವುದು ಅರ್ಥ: ಮನುಷ್ಯರಿಗೂ ದೇವರಿಗೂ ಪುಲ್ಲಿಂಗ-ಸ್ತ್ರೀಲಿಂಗಗಳು, ಉಳಿದುದೆಲ್ಲ ಸಾಮಾನ್ಯವಾಗಿ ನಪುಂಸಕ. ಮೇಜು ಹೆಣ್ಣೇಕೆ, ಮರ ಗಂಡೇಕೆ ಎಂದು ಸ್ಪ್ಯಾನಿಷ್ ಕಲಿಯುವವರು ಗೊಣಗುವುದು ಸಹಜವೇ, ಆದರೆ ಹೆಂಡತಿಗೆ 'ಭಾರ್ಯಾ' ಎಂದು ಸ್ತ್ರೀಲಿಂಗದಲ್ಲೂ, 'ಕಲತ್ರ' ಎಂದು ನಪುಂಸಕಲಿಂಗದಲ್ಲೂ, 'ದಾರ' ಎಂದು ಪುಲ್ಲಿಂಗದ ಬಹುವಚನದಲ್ಲೂ ಹೆಸರಿಟ್ಟ ಸಂಸ್ಕೃತವನ್ನು ಶಾಲೆಯಲ್ಲಿ ಓದಿದವರು ಅಷ್ಟು ಗಾಬರಿಯಾಗಬೇಕಿಲ್ಲ. ನಿಜವಾದ ತೊಡಕಿರುವುದು ಲಿಂಗ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದರಲ್ಲಿ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರಗಳು ಎನ್ನುವಾಗ ನಮ್ಮ ವಿಶೇಷಣ ಅಲುಗಾಡುವುದಿಲ್ಲ. ಬಂದನು, ಬಂದಳು, ಬಂದಿತು ಎಂದು ಬದಲಾಗುವುದು ಕ್ರಿಯಾಪದ. ಸ್ಪ್ಯಾನಿಷ್‌ನಲ್ಲಿ ಬಂದವರು ಯಾರೇ ಆಗಲಿ, ಏಕವಚನವಾದರೆ 'ವೀನೋ' ಒಂದೇ ಸಾಕು, ಆದರೆ ವಿಶೇಷಣವನ್ನು ಮಾತ್ರ ಲಿಂಗಕ್ಕೂ ವಚನಕ್ಕೂ ತಕ್ಕಂತೆ ತಿದ್ದಬೇಕು. ಆದ್ದರಿಂದ ಪದದ ಲಿಂಗ ಬಾಯಿಪಾಠವಾಗಿದ್ದರೂ, ನಾಮಪದದಿಂದ ನಾಲ್ಕಾರು ಪದಗಳಷ್ಟು ದೂರ ಬಂದಾಗ ನಮ್ಮವರು ವಿಶೇಷಣವನ್ನು ಪುಲ್ಲಿಂಗದ ಏಕವಚನದಲ್ಲೇ ಬಿಟ್ಟುಬಿಡುತ್ತಾರೆ.

ಭೂತ ಕೃದಂತಗಳಲ್ಲಿ, ಅಂದರೆ 'ತೆರೆದ' ಎಂಬಂಥ ರೂಪಗಳಲ್ಲಿ, ಇದು ಇನ್ನೂ ಸೂಕ್ಷ್ಮವಾಗುತ್ತದೆ. ಬಾಗಿಲು ತೆರೆದಿದೆ ಎನ್ನಲು 'ಲಾ ಪುಯೆರ್ತಾ ಎಸ್ತಾ ಆಬಿಯೆರ್ತಾ' ಎಂದು ಬಾಗಿಲಿನ ಸ್ತ್ರೀಲಿಂಗಕ್ಕೆ ಹೊಂದಿಸಬೇಕು, ಆದರೆ ನಾನು ಬಾಗಿಲು ತೆರೆದಿದ್ದೇನೆ ಎನ್ನುವಾಗ 'ಎ ಆಬಿಯೆರ್ತೋ ಲಾ ಪುಯೆರ್ತಾ' ಎಂದು ಕೃದಂತ ಬದಲಾಗದೆ ಉಳಿಯುತ್ತದೆ.

ವಚನದ ವಿಷಯದಲ್ಲಿ ನಾವು ಉದಾರಿಗಳು. ಅಂಗಡಿಯಲ್ಲಿ ಹತ್ತು ಪುಸ್ತಕ ಕೊಡಿ ಎಂದರೆ ಸಾಕು, 'ಗಳು' ಬೇಕೆಂದು ಯಾರೂ ಕೇಳುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬಹುವಚನ ಕಡ್ಡಾಯ. ಅಷ್ಟು ಸಾಲದೆಂಬಂತೆ 200ರಿಂದ 900ರವರೆಗಿನ ನೂರುಗಳಿಗೂ ಲಿಂಗವಿದೆ. ನಮ್ಮ ರೂಪಾಯಿ ಅಲ್ಲಿ 'ರುಪಿಯಾ' ಆಗಿ ಸ್ತ್ರೀಲಿಂಗಕ್ಕೆ ಸೇರಿರುವುದರಿಂದ 500 ರೂಪಾಯಿಗೆ 'ಕಿನಿಯೆಂತಾಸ್ ರುಪಿಯಾಸ್' ಎಂದೇ ಹೇಳಬೇಕು, 'ಕಿನಿಯೆಂತೋಸ್' ಎಂದರೆ ತಪ್ಪು.

ಗಂಡು ಹೆಣ್ಣು ಕೂಡಿದ ಗುಂಪಿಗೆ ಪುಲ್ಲಿಂಗದ ಬಹುವಚನ ಬಳಸುವುದು ವಾಡಿಕೆ. 1713ರಲ್ಲಿ ಸ್ಥಾಪನೆಯಾದ, ಸ್ಪ್ಯಾನಿಷ್ ಭಾಷೆಯ ಅಧಿಕೃತ ಸಂಸ್ಥೆಯಾದ ಸ್ಪ್ಯಾನಿಷ್ ರಾಯಲ್ ಅಕಾಡೆಮಿ ಈ ವಾಡಿಕೆಯ ಪರವಾಗಿದೆ. ಇದನ್ನು ಒಪ್ಪದವರು 'ಎಲ್ಲರೂ' ಎಂಬ ಅರ್ಥದ ಪುಲ್ಲಿಂಗದ 'ತೋದೋಸ್', ಸ್ತ್ರೀಲಿಂಗದ 'ತೋದಾಸ್'ಗಳ ಜೊತೆಗೆ 'ತೋದೆಸ್' ಎಂಬ ಮೂರನೆಯ ರೂಪವನ್ನು ಬಳಕೆಗೆ ತಂದಿದ್ದಾರೆ. 2022ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರಾಡಳಿತ ಶಾಲೆಗಳ ಪಾಠ ಮತ್ತು ಪತ್ರವ್ಯವಹಾರದಲ್ಲಿ ಇಂಥ ರೂಪಗಳನ್ನು ನಿಷೇಧಿಸಿದಾಗ ದೊಡ್ಡ ವಿವಾದವೇ ಆಯಿತು. ಕನ್ನಡದ 'ಅವರು' ಎಂಬ ಪದ ಈ ಜಗಳದಿಂದ ಪಾರಾಗಿದೆಯಾದರೂ ಅನುವಾದಕರಿಗೆ ಬೇರೊಂದು ಸಂಕಟ ತಂದಿಡುತ್ತದೆ. 'ಅವರು ದಣಿದಿದ್ದರು' ಎಂಬ ವಾಕ್ಯ ಗೌರವಕ್ಕೆ ಪಾತ್ರನಾದ ಒಬ್ಬ ಗಂಡಸಿನ ಬಗ್ಗೆ, ಒಬ್ಬ ಹೆಂಗಸಿನ ಬಗ್ಗೆ, ಹಲವು ಗಂಡಸರ ಬಗ್ಗೆ ಅಥವಾ ಹಲವು ಹೆಂಗಸರ ಬಗ್ಗೆ ಇರಬಹುದು. ಕಾನ್ಸಾದೋ, ಕಾನ್ಸಾದಾ, ಕಾನ್ಸಾದೋಸ್, ಕಾನ್ಸಾದಾಸ್ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಲು ಅನುವಾದಕರು ಹಿಂದಿನ ಪುಟಗಳಿಗೆ ಮರಳಿ ಹೋಗಿ, ದಣಿದವರು ಯಾರು, ಎಷ್ಟು ಜನ ಎಂದು ನೋಡಿಕೊಂಡು ಬರಬೇಕಾಗುತ್ತದೆ.