ಒಂದೇ ಸಾವಿರ ಸಿಸಿ. ಕಾರಿಗೆ 67, ಬೈಕಿಗೆ 207 ಹೇಗೆ?

ಬೈಕ್ ನಿಲ್ಲಿಸಿದ ಕಡೆಯೆಲ್ಲ ಮೊದಲು ಕೇಳುವುದು ಮೈಲೇಜು. ಅದನ್ನು ಹೇಳಲು ನನಗೆ ನಾಚಿಕೆ, ಬಿಡಿ. ಆಮೇಲೆ ಬರುವುದು ಒಳ್ಳೆಯ ಪ್ರಶ್ನೆ: "ನನ್ನ ಕಾರಿನ ಎಂಜಿನ್ ಗಾತ್ರವೂ ಸಾವಿರ ಸಿಸಿ. ಅದಕ್ಕೆ 67 ಎಚ್‌ಪಿ. ಇದಕ್ಕೆ ಇನ್ನೂರು ಎಲ್ಲಿಂದ ಬಂತು?"

ಬೈಕಿನ ಎಂಜಿನ್ ಮೂರು ಪಟ್ಟು ಜೋರಾಗಿ ತಳ್ಳುತ್ತೆ ಅಂತ ಹೆಚ್ಚಿನವರ ಲೆಕ್ಕ. ಹಾಗಲ್ಲ. ಬಿಎಂಡಬ್ಲ್ಯು ಎಸ್ 1000 ಆರ್‌ಆರ್‌ನ 2019ರ ಮಾದರಿಯನ್ನೇ ನೋಡಿ. 999 ಸಿಸಿ, 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಸಾವಿರ ಸಿಸಿ ಕಾರಿನಲ್ಲೂ 90ರ ಆಸುಪಾಸು ಇರುತ್ತದೆ. ಏಟಿನ ಬಲದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ, ಅಲ್ವಾ? ಆದರೆ ಕಾರಿನ ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತಿನ ಹೊತ್ತಿಗೆ ಸುಸ್ತಾಗುತ್ತದೆ. ಬೈಕಿನದು 13,500ರಲ್ಲೂ ಹೆಚ್ಚುಕಡಿಮೆ ಅದೇ ಏಟು ಹಾಕುತ್ತಿರುತ್ತದೆ. ಟಾರ್ಕನ್ನು ಸುತ್ತಿನಿಂದ ಗುಣಿಸಿದರೆ ಪವರ್. 207 ಎಚ್‌ಪಿ ಬಂದಿದ್ದು ಹಾಗೆ.

"ಹಾಗಾದ್ರೆ ಕಾರನ್ನೂ ಹಾಗೇ ತಿರುಗಿಸಬಹುದಲ್ಲ?" ತಿರುಗಿಸಿದರೆ ಒಡೆಯುತ್ತದೆ. 13,500 ಅಂದರೆ ಸೆಕೆಂಡಿಗೆ 225 ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಂತು ವಾಪಸ್ ಹೊರಡಬೇಕು. ಸೆಕೆಂಡಿಗೆ 450 ಸಲ! ಈ ಎಳೆದಾಟಕ್ಕೇ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿಯುವುದು. ಅದಕ್ಕೇ ಬೈಕಿನಲ್ಲಿ ಪಿಸ್ಟನ್ ಓಡಾಡುವ ದೂರವನ್ನೇ ಕಡಿಮೆ ಮಾಡಿದ್ದಾರೆ. ಬೋರ್, ಅಂದರೆ ಸಿಲಿಂಡರಿನ ಅಗಲ, 80 ಮಿ.ಮೀ.; ಸ್ಟ್ರೋಕ್, ಅಂದರೆ ಆ ಓಡಾಟದ ದೂರ, ಬರೀ 49.7. ಬಾಣಲೆ ಥರ, ಅಗಲ ಜಾಸ್ತಿ, ಆಳ ಕಡಿಮೆ. ಅಗಲ ಇರುವುದರಿಂದ ಗಾಳಿ ಒಳಹೊರಗೆ ಬಿಡುವ ದೊಡ್ಡ ವಾಲ್ವ್‌ಗಳಿಗೂ ಜಾಗ ಸಿಗುತ್ತದೆ, ಎಂಜಿನ್ನಿಗೆ ಉಸಿರಾಟ ಸಲೀಸು. ಆ ವಾಲ್ವ್‌ಗಳು ಹಗುರವಾದ ಟೈಟಾನಿಯಂನವು. ಭಾರವಾಗಿದ್ದರೆ ಆ ವೇಗದಲ್ಲಿ ಸ್ಪ್ರಿಂಗ್ ಅವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದು. ಪಿಸ್ಟನ್ ಬಂದು ಗುದ್ದಿದರೆ ಕಥೆ ಮುಗಿಯಿತು.

ಕಾರಿಗೆ ಇದೆಲ್ಲ ಬೇಕಾಗಿಯೂ ಇಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ದಿಬ್ಬ ಹತ್ತಲು ಅದಕ್ಕೆ ಕೆಳಗಿನ ಸುತ್ತಿನಲ್ಲೇ ದಮ್ಮು ಇರಬೇಕು. ಈ ಬೈಕಿನ ತೂಕ 197 ಕಿಲೋ ಮಾತ್ರ, ಕೆಳಗಿನ ಸುತ್ತಿನಲ್ಲಿ ದಮ್ಮು ಕಡಿಮೆಯಿದ್ದರೂ ನಡೆಯುತ್ತದೆ.

ಮೊದಲ ಸಲ ಇಂಥದ್ದನ್ನು ಟ್ರ್ಯಾಕಿನಲ್ಲಿ ಓಡಿಸಿದಾಗ ನಾಲ್ಕು ಸಾವಿರ ಸುತ್ತಿನವರೆಗೆ "ಇಷ್ಟೇನಾ?" ಅನಿಸಿತ್ತು. ಎಂಟು ಸಾವಿರ ದಾಟಿತು ನೋಡಿ, ಹ್ಯಾಂಡಲ್ ಕೈಯಲ್ಲಿ ಹಗುರಾಯಿತು. ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್‌ನ ದೀಪ ಪಟಪಟ ಮಿಟುಕಿತು. ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಆಗಿನ್ನೂ ಎರಡನೇ ಗೇರು.

ಮೊದಲ ಗೇರಿನಲ್ಲೇ ಗಂಟೆಗೆ 140 ಕಿ.ಮೀ. ದಾಟುವ ಗಾಡಿ ಇದು. ರಸ್ತೆಗಿಳಿದರೆ ಆ 207ರಲ್ಲಿ ನಾನು ಬಳಸುವುದು ಐವತ್ತೋ ಅರವತ್ತೋ. ಕೇಳಿದವರ ಕಾರಿನಷ್ಟೇ.