ಬಿಸಿಲಿತ್ತು, ಟ್ರಾನ್ಸ್‌ಫಾರ್ಮರ್ ಸಾಲಲಿಲ್ಲ

ನಾನು ಪಾವಗಡದ ಕಡೆ ಒಂದು 66/11 ಕೆವಿ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಶೀಟ್ ಬರೆಯೋದು, ಹೇಳಿದ ಹೊತ್ತಿಗೆ ಫೀಡರ್ (ಊರು, ಹೊಲಗಳಿಗೆ ಹೋಗೋ 11 ಕೆವಿ ಲೈನ್) ಚಾರ್ಜ್ ಮಾಡೋದು, ಅಂದರೆ ಅದಕ್ಕೆ ಕರೆಂಟ್ ಬಿಡೋದು, ಲೈನ್‌ಮನ್ ಕೇಳಿದಾಗ ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಅನುಮತಿ, ಕೊಡೋದು ನನ್ನ ಕೆಲಸ.

ಒಂದು ರಾತ್ರಿ ಎರಡು ಗಂಟೆಗೆ ಹಿರಿಯರೊಬ್ಬರು ಟಾರ್ಚ್ ಹಿಡಿದು ಗೇಟಿನ ಹತ್ತಿರ ಬಂದರು. ಹೊಲದ ಮೋಟಾರ್ ನಿಂತಿತ್ತು, ಅದಕ್ಕೆ ಬೇಕಾದ ತ್ರೀ ಫೇಸ್ ಕರೆಂಟ್ ಇದೆಯಾ ಅಂತ ಕೇಳೋಕೆ ನಡೆದೇ ಬಂದಿದ್ದರು. “ಇದೆ ಯಜಮಾನ್ರೇ, ನಿಮ್ಮ ಹೊಲದ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗಿರಬೇಕು” ಅಂದೆ. ಅವರು ಹೊರಡಲಿಲ್ಲ. “ಬಿಸಿಲಲ್ಲಿ ಕರೆಂಟ್ ಮಾಡೋಕೆ ನಾವು ಹೊಲ ಕೊಟ್ವಿ. ನಮಗ್ಯಾಕೆ ಸ್ವಾಮಿ ಕತ್ತಲಲ್ಲಿ ಕೊಡ್ತೀರಿ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾವಗಡದ ಸೋಲಾರ್ ಪಾರ್ಕ್‌ಗೆ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆ ಹೋಗಿದೆ. ಕೊಂಡಿದ್ದಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತೆ, ಜಮೀನು ರೈತರ ಹೆಸರಲ್ಲೇ ಉಳಿಯುತ್ತೆ. (ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ ಏನೂ ಬರಲ್ಲ, ಆ ನೋವು ಬೇರೆ.) ಜಮೀನು, ರಸ್ತೆ, ಸ್ಟೇಷನ್, ಲೈನ್ ಸರ್ಕಾರದ ಕಡೆಯಿಂದ, ಪ್ಯಾನೆಲ್ ಕಂಪನಿಗಳಿಂದ. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ರಾಯಚೂರಿನ ಥರ್ಮಲ್ ಸ್ಥಾವರದ ಬಾಯ್ಲರ್‌ಗೆ ಬೇರೆ ರಾಜ್ಯದಿಂದ ರೈಲಲ್ಲೇ ಬರಬೇಕು. ಅಂಥಲ್ಲಿ ಇದು ಸಣ್ಣ ಕೆಲಸ ಅಲ್ಲ.

ಆಮೇಲೆ ನಮ್ಮಲ್ಲೂ ರಾತ್ರಿ ಹೊತ್ತು ಕರೆಂಟ್ ಕೊಡ್ತಿದ್ದ ಐಪಿ (ನೀರಾವರಿ ಪಂಪ್‌ಸೆಟ್) ಫೀಡರ್‌ಗಳನ್ನು ಹಗಲಿಗೆ ತರೋಣ ಅಂತಾಯಿತು. ಮೊದಲ ದಿನ ನನ್ನದೇ ಶಿಫ್ಟ್. ಹತ್ತು ಗಂಟೆಗೆ ಮೊದಲ ಫೀಡರ್ ಚಾರ್ಜ್ ಮಾಡಿದೆ, ಬೆನ್ನಿಗೇ ಎರಡನೆಯದು, ಮೂರನೆಯದು. ಎಲ್ಲರ ಪಂಪಿಗೂ ಆಟೋ ಸ್ಟಾರ್ಟರ್ ಇರುತ್ತೆ, ಕರೆಂಟ್ ಬಂದ ಕೂಡಲೇ ನೂರಾರು ಮೋಟಾರ್ ಒಟ್ಟಿಗೆ ಏಳುತ್ತವೆ. ನಮ್ಮದು 8 ಎಂವಿಎ ಟ್ರಾನ್ಸ್‌ಫಾರ್ಮರ್, 11 ಕೆವಿ ಕಡೆ ಸುಮಾರು 420 ಆಂಪ್ಸ್ ಅದರ ಮಿತಿ. ಅದು ಗೊತ್ತಿದ್ದೂ ಅವಸರ ಮಾಡಿದೆ. ಮೀಟರ್ ಮುಳ್ಳು 300 ದಾಟಿತು, 400 ದಾಟಿತು, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋ ಸದ್ದು ದಪ್ಪ ಆಯಿತು, ಧಡ್ ಅಂತ ಬ್ರೇಕರ್ ಟ್ರಿಪ್ ಆಯಿತು. ಊರುಗಳ ಕರೆಂಟೂ ಹೋಯಿತು.

ಮಾರನೇ ದಿನದಿಂದ ಒಂದು ಫೀಡರ್‌ಗೂ ಇನ್ನೊಂದಕ್ಕೂ ಹತ್ತು ನಿಮಿಷ ಬಿಟ್ಟೆ. ಹಾಗಿದ್ದೂ ಒಟ್ಟಿಗೆ ಎರಡೇ ಫೀಡರ್ ನಡೆಸೋಕಾಯಿತು.

ಅವತ್ತು ನನಗೆ ತಿಳಿದಿದ್ದು ಇಷ್ಟು. ಎಷ್ಟು ಮೆಗಾವಾಟ್ ಅಂತ ಕೇಳಿದರೆ ಸಾಲದು, ಎಷ್ಟು ಗಂಟೆಗೆ, ಯಾವ ತಂತಿಯಲ್ಲಿ ಅಂತಾನೂ ಕೇಳಬೇಕು. ಮಧ್ಯಾಹ್ನದ ಬಿಸಿಲನ್ನು ಮಧ್ಯಾಹ್ನವೇ ನೀರಾಗಿ ಮೇಲೆತ್ತಿದರೆ ಅಷ್ಟು ಕಲ್ಲಿದ್ದಲು ಉಳಿಯಿತು, ಅಲ್ವಾ? ಅದಕ್ಕೆ ಬೇಕಾದ್ದು ಇನ್ನೊಂದು ಟ್ರಾನ್ಸ್‌ಫಾರ್ಮರ್, ದಪ್ಪ ಕಂಡಕ್ಟರ್, ಇಲ್ಲವೇ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಹಾಗೆ ಸ್ಟೇಷನ್ ಪಕ್ಕದಲ್ಲೇ ಫೀಡರ್‌ಗೊಂದು ಸಣ್ಣ ಸೋಲಾರ್ ಪ್ಲಾಂಟ್. ಯಾವ ಕಂಪನಿಯೂ ಲಾಭಕ್ಕೆ ಅಂತ ಹಳ್ಳಿಯ ಐಪಿ ಫೀಡರ್ ಗಟ್ಟಿ ಮಾಡಲ್ಲ. ಸರ್ಕಾರವೇ ದುಡ್ಡು ಹಾಕಬೇಕು, ವರ್ಷಗಟ್ಟಲೆ ಹಾಕಬೇಕು. 1902ರಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಟರ್ಬೈನ್ ಕೂರಿಸಿ ಸುಮ್ನೆ ಕೂರಲಿಲ್ಲ, ಕೋಲಾರದ ಚಿನ್ನದ ಗಣಿ ತನಕ 140 ಕಿಲೋಮೀಟರಿಗೂ ಜಾಸ್ತಿ ದೂರ ತಂತಿಯನ್ನೂ ಎಳೆಯಿತು.

ನಮ್ಮಲ್ಲಿಗೆ ಈಗ 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಬಂದಿದೆ. ನಾಲ್ಕು ಐಪಿ ಫೀಡರ್ ಹಗಲಿಗೆ ಬಂದವು. ಇನ್ನೊಂದು ಉಳಿದಿದೆ: ಅದರ ಲೈನ್ ಹಳೆಯದು, ಹಗಲಿನ ಪೂರ್ತಿ ಲೋಡ್ ತಡೆಯಲ್ಲ, ಎಸ್ಟಿಮೇಟ್ ಮೇಲಧಿಕಾರಿಗಳಿಗೆ ಹೋಗಿದೆ. ಅದು ಆ ಯಜಮಾನ್ರ ಊರಿನ ಫೀಡರ್. ಇವತ್ತು ರಾತ್ರಿಯೂ ಹತ್ತಕ್ಕೆ ನಾನೇ ಚಾರ್ಜ್ ಮಾಡಬೇಕು.